ದಯೆ ಬೇಡಿದ ಅರ್ಜಿ

ಟ್ರಂಕಿನ ಮುಚ್ಚಳ ತೆಗೆದರೆ ಈಗಲೂ ಹುಣಸೆಬೀಜದ ಗಂಜಿಯ ವಾಸನೆ. ತಳದಲ್ಲಿ ಆ ಗಂಜಿ ಹಾಕಿ ನೇಯ್ದ ಕರೀ ಕಂಬಳಿಯೊಂದಿದೆ. ಮೊನ್ನೆ ಸೊಸೆ, "ನುಸಿ ಹಿಡಿದಿದೆ, ಎಸೆದುಬಿಡ್ಲಾ ಮಾವ?" ಅಂದಳು. ಬೇಡವೆಂದು ಬಿಸಿಲಿಗೆ ಹರವಿ ಪಕ್ಕದಲ್ಲೇ ಕೂತೆ... ಅದನ್ನು ಕೊಟ್ಟ ಕುರಿಯವನು ಕಣ್ಣ ಮುಂದೆ ಬಂದ.

ಎಪ್ಪತ್ತರ ದಶಕದ ಕೊನೆ. ಮಧುಗಿರಿಯಲ್ಲಿ ತಾಲ್ಲೂಕು ಕಚೇರಿಯ ಎದುರು ಕೂತು ನಾನು ಅರ್ಜಿ ಬರೆದುಕೊಡುತ್ತಿದ್ದೆ. ಅವನು ಬಡವನಹಳ್ಳಿ ಕಡೆಯವನು. ಕುರಿ ಕದ್ದನೆಂದು ಶಿಕ್ಷೆಯಾಗಿ ಎರಡು ವರ್ಷ ಜೈಲಿನಲ್ಲಿದ್ದು ಬಂದಿದ್ದ. ಸಾಕ್ಷಿ ಅಂದರೆ ಕುರಿಗಳ ಕಿವಿ. ಯಾರ ಮಂದೆಯೆಂದು ತಿಳಿಯಲು ಮರಿಯ ಕಿವಿಯನ್ನು ಒಂದೊಂದು ಮನೆಯವರು ಒಂದೊಂದು ಬಗೆಯಲ್ಲಿ ಕತ್ತರಿಸುವುದು ಅವರ ರೂಢಿ. ದಾಯಾದಿಯ ಕುರಿ ಕಾಣೆಯಾದಾಗ ಇವನ ಮಂದೆಯಲ್ಲಿ ಅದೇ ಗುರುತು ಸಿಕ್ಕಿತು. ಸಿಗದೆ ಏನು, ಇಬ್ಬರಿಗೂ ಅಜ್ಜನ ಕಾಲದಿಂದ ಒಂದೇ ಗುರುತು! ಮೇಲಿನ ಕೋರ್ಟು ಅದನ್ನು ಕೇಳಿ ಶಿಕ್ಷೆ ರದ್ದು ಮಾಡುವಷ್ಟರಲ್ಲಿ ಅವನ ಮಂದೆ ಚದುರಿಹೋಗಿತ್ತು. ಅಡಿಕೆ ಕದ್ದರೂ ಕಳ್ಳ, ಆನೆ ಕದ್ದರೂ ಕಳ್ಳ ಅನ್ನುತ್ತಾರೆ; ಏನೂ ಕದಿಯದವನನ್ನೂ ಊರು ಹಾಗೇ ಕರೆಯಿತು. ಮೇಯಿಸಲು ಅವನ ಕೈಗೆ ಯಾರೂ ಕುರಿ ಕೊಡುತ್ತಿರಲಿಲ್ಲ.

ಸರ್ಕಾರದಿಂದ ಪರಿಹಾರ ಕೇಳಬೇಕೆಂದು ಬಂದ. "ದುಡ್ಡಿನಾಸೆಗಲ್ಲ ಸ್ವಾಮಿ. ನಮ್ಮ ಕುಲದ ಪಂಚಾಯ್ತೀಲಿ ಸುಳ್ಳು ಹೊರಿಸ್ದೋರು ದಂಡ ಕಟ್ತಾರೆ. ಅಂಗೇ ಸರ್ಕಾರ್ದೋರು ಕಟ್ಟಿದ್ರೆ, ತಪ್ಪು ಅವರ್ದೇ ಅಂತ ಊರ್ಗೆ ಗೊತ್ತಾಯ್ತದೆ. ಕೋರ್ಟಿನ ಕಾಗ್ದ ತೋರಿಸಿದ್ರೆ ಯಾರೂ ನಂಬಾಕಿಲ್ಲ." ಬರೆಸುವವನು ಬರಿಗೈಲಿ ಬರಬಾರದೆಂದು ಹೊಸ ಕಂಬಳಿಯನ್ನು ನನ್ನ ಮೇಜಿನ ಮೇಲಿಟ್ಟ.

ನಾನು ಕೇಳಿಯೂ ಕೇಳಲಿಲ್ಲ. ಕೈ ತನ್ನಷ್ಟಕ್ಕೆ ಓಡಿತು: 'ಕಡುಬಡವನಾದ ನಾನು ಜೈಲಿನಿಂದ ಬಿಡುಗಡೆಯಾಗಿ ಜೀವನಕ್ಕೆ ದಾರಿಯಿಲ್ಲದೆ ಇದ್ದು, ದಯಮಾಡಿ ಸಹಾಯ ನೀಡಬೇಕಾಗಿ ಬೇಡಿಕೊಳ್ಳುತ್ತೇನೆ.' ವಿಧವಾ ವೇತನಕ್ಕೂ ಬಾವಿ ಸಾಲಕ್ಕೂ ನನ್ನದು ಇದೇ ಧಾಟಿ. ಸಾಹೇಬರ ಮನಸ್ಸು ಕರಗಬೇಕು ಅನ್ನುವುದು ನನ್ನ ಮಹಾ ಜಾಣತನ. ಶಿಕ್ಷೆ ರದ್ದಾದ ಸಂಗತಿ ಕೊನೆಯಲ್ಲೆಲ್ಲೋ ಒಂದು ಸಾಲಾಯಿತು. ಓದು ಬಾರದ ಅವನು ನನ್ನನ್ನು ನಂಬಿ ಹೆಬ್ಬೆಟ್ಟು ಒತ್ತಿದ.

ವರ್ಷ ಕಳೆದು ಉತ್ತರ ಬಂತು. ಹಿಗ್ಗಿನಿಂದ ತಂದ, ನಾನು ಓದಿದೆ. ಬಿಡುಗಡೆಯಾದ ಕೈದಿಗಳಿಗೆ ಬದುಕಲೆಂದು ಸರ್ಕಾರ ಕೊಡುವ ಕುರಿಗಳು, 'ಬೇಡಿಕೊಂಡ ಮೇರೆಗೆ ದಯೆ ತೋರಿ' ಅವನಿಗೆ ಮಂಜೂರಾಗಿದ್ದವು. 'ಶಿಕ್ಷೆ ಅನುಭವಿಸಿದ ಅಪರಾಧಿ' ಎಂಬ ಸಾಲಿನ ಕೆಳಗೆ ಹೆಬ್ಬೆಟ್ಟು ಒತ್ತಬೇಕಿತ್ತು, ಅಷ್ಟೇ.

"ಇಸ್ಕೊಂಬುಡಪ್ಪ, ಯಾರು ಕೊಟ್ರೂ ಕುರಿ ಕುರಿಯೇ" ಅಂದೆ. ಹಾಗಂದ ನಾಲಗೆ ಇದೇ!

ಅವನು ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡ. "ನಾನು ದಯ ತೋರ್ಸಿ ಅಂದಿದ್ನಾ ಸ್ವಾಮಿ?"

ಬೇರೆ ಅರ್ಜಿ ಬರೆಯುತ್ತೇನೆಂದೆ. ಬೇಡವೆಂದು ತಲೆಯಾಡಿಸಿ ಹೊರಟುಹೋದ. ಪಾವಗಡದ ಆಚೆ, ಗುರುತು ಪರಿಚಯವಿಲ್ಲದ ಊರಿನಲ್ಲಿ ಕೂಲಿ ಮಾಡಿಕೊಂಡಿದ್ದು ತೀರಿಹೋದನಂತೆ... ಸುದ್ದಿ ತಂದವನೂ 'ಆ ಕುರಿಕಳ್ಳ' ಎಂದೇ ಅಂದ. ಅವನ ಮಾತನ್ನು ಬಂದ ಹಾಗೇ ಬರೆದಿದ್ದರೆ ಏನಾಗುತ್ತಿತ್ತೋ. ಬರೆಯಲಿಲ್ಲವಲ್ಲ ಅನ್ನುವುದು ಇವತ್ತಿಗೂ ನನ್ನನ್ನು ತಿನ್ನುತ್ತದೆ.

ಬಿಸಿಲು ಇಳಿದ ಮೇಲೆ ಕಂಬಳಿ ಮಡಚುತ್ತಿದ್ದೆ. "ಯಾರು ಕೊಟ್ಟಿದ್ದು ಮಾವ ಇದು?" ಎಂದಳು ಸೊಸೆ.

"ಕುರಿ ಕದಿಯದ ಒಬ್ಬ ಮನುಷ್ಯ ಕಣಮ್ಮ" ಅಂದೆ.