ಹುಲಿಗೆಪ್ಪನವರ ಸ್ಪೀಕರ್

ರೇಡಿಯೋ ಹಚ್ಚಿ ವಾಲ್ಯೂಮ್ ಪೂರ್ತಿ ತಿರುಗಿಸಿದ್ದೆ. ಮನೆ ತುಂಬ ಹಾಡು. ಹುಲಿಗೆಪ್ಪನವರು ಮಾತ್ರ ಕಣ್ಣು ಮುಚ್ಚಿ, ರೇಡಿಯೋ ಪೆಟ್ಟಿಗೆಯ ಮೇಲೆ ಅಂಗೈ ಇಟ್ಟುಕೊಂಡು ಕೂತೇ ಇದ್ದರು.

ಸ್ವಲ್ಪ ಹೊತ್ತಾದ ಮೇಲೆ ಕೇಳಿದರು, "ಇನ್ನಾ ಹಚ್ಚಿಲ್ಲೇನ್ ತಮ್ಮಾ?"

ನಾಬ್ ಇನ್ನೊಮ್ಮೆ ತಿರುಗಿಸಿ ನೋಡಿದೆ. ಅದು ಆಗಲೇ ಕೊನೆ ಮುಟ್ಟಿತ್ತು.

ಇದು ಗಣಿ ಜೋರಾಗಿದ್ದ ಕಾಲದ ಮಾತು. ಹೊಸಪೇಟೆಯಲ್ಲಿ ನನ್ನದೊಂದು ಸಣ್ಣ ರೇಡಿಯೋ ರಿಪೇರಿ ಅಂಗಡಿ ಇತ್ತು. ಮನೆಮನೆಗೆ ಹೋಂ ಥಿಯೇಟರ್ ಬಂದು, ಹಳೇ ವಾಲ್ವ್ ರೇಡಿಯೋಗಳೆಲ್ಲ ಗುಜರಿ ಸೇರುತ್ತಿದ್ದವು.

ಕೆಲವರು ಅವನ್ನೇ ಹೊತ್ತು ತಂದು, "ಹಾಡದಿದ್ರೂ ನಡೀತೈತ್ರಿ, ಒಳಗ ಒಂದು ಬಲ್ಬ್ ಹಾಕಿಕೊಡ್ರಿ, ಶೋಕೇಸ್‌ನ್ಯಾಗ ಇಡ್ತೀವಿ" ಅನ್ನುತ್ತಿದ್ದರು. ಅಂಥವರನ್ನು ಬೈದು ಕಳಿಸುತ್ತಿದ್ದೆ. ವ್ಯಾಪಾರ ಬಾರದ ಮನುಷ್ಯ ಅಂತ ಹೆಂಡತಿ ಈಗಲೂ ಆಡಿಕೊಳ್ಳುತ್ತಾಳೆ.

ನನಗೊಂದು ಹುಚ್ಚಿತ್ತು... ಒರಿಜಿನಲ್ ಪಾರ್ಟ್. ಕಂಪನಿಯಿಂದ ಯಾವ ಪಾರ್ಟ್ ಬಂದಿತ್ತೋ ಅದೇ ಕೂರಬೇಕು. ಒಂದೇ ಒಂದು ನಾಬ್‌ಗಾಗಿ ಕಂಪ್ಲಿಯ ಗುಜರಿಯಲ್ಲಿ ಇಡೀ ಮಧ್ಯಾಹ್ನ ಕೂತವನು ನಾನು.

ಒಂದು ದಿನ ಯಶವಂತನಗರದಿಂದ ಗಂಗಮ್ಮ ಅನ್ನುವವರು ಹಳೇ ದುಪ್ಪಟಿಯಲ್ಲಿ ಸುತ್ತಿಕೊಂಡು ಒಂದು ರೇಡಿಯೋ ತಂದರು.

"ಬಂದ್ ಆಗಿ ತಿಂಗಳಾತ್ರಿ ಅಣ್ಣಾರ. ಅವತ್ತಿನಿಂದ ನಮ್ಮನಿಯವ್ರು ಗ್ವಾಡಿ ನೋಡ್ಕೊಂಡು ಕುಂದರ್ತಾರ. ಹೆಂಗರ ಮಾಡಿ ಹಾಡಂಗ ಮಾಡಿಕೊಡ್ರಿ."

ಬಿಚ್ಚಿ ನೋಡಿದರೆ ಒಳಗೆ ಬೊಗಸೆಗಟ್ಟಲೆ ಅದಿರಿನ ಕೆಂಪು ಧೂಳು. ಒಂದು ಕಂಡೆನ್ಸರ್ ಸುಟ್ಟಿತ್ತು, ಅದೇನು ದೊಡ್ಡ ರೋಗವಲ್ಲ.

ನನ್ನ ಕಣ್ಣು ಕುಕ್ಕಿದ್ದು ಸ್ಪೀಕರ್. ಯಾವುದೋ ಮೈಕ್‌ಸೆಟ್‌ನಿಂದ ಕಿತ್ತ ದೊಡ್ಡ ಸ್ಪೀಕರನ್ನು ತಂದು, ಪೆಟ್ಟಿಗೆಯ ಮರಕ್ಕೆ ನೇರವಾಗಿ ನಟ್ಟು ಬೋಲ್ಟು ಹಾಕಿ ಬಿಗಿದಿದ್ದರು. ಗಣಿಯವರು ಹೆಲ್ಮೆಟ್ ಮೇಲೆ ಬರೆಯುವ ಹಾಗೆ ಅದರ ಬೆನ್ನಿಗೆ ಹಳದಿ ಪೇಂಟಿನಲ್ಲಿ "ಹುಲಿಗೆಪ್ಪ, ಎ ಶಿಫ್ಟ್" ಅಂತ ಬರೆದಿತ್ತು.

ನಕ್ಕುಬಿಟ್ಟೆ. ಅದನ್ನು ಕಿತ್ತು, ಜೋಪಾನವಾಗಿ ಇಟ್ಟುಕೊಂಡಿದ್ದ ಅದೇ ಮಾಡೆಲ್ಲಿನ ಒರಿಜಿನಲ್ ಸ್ಪೀಕರ್ ಕೂರಿಸಿದೆ. ಮರ ಒಂಚೂರೂ ನಡುಗದಂತೆ ಸುತ್ತಲೂ ಉಣ್ಣೆಯ ಪಟ್ಟಿ ಕೊಟ್ಟೆ. ಧ್ವನಿ ತಿಳಿನೀರಿನ ಹಾಗೆ ಬಂತು.

ಕಿತ್ತ ಸ್ಪೀಕರನ್ನು ಅಂಗಡಿ ಮುಂದೆ ಟೀ ಕುಡಿಯುತ್ತಿದ್ದ ಅದಿರು ಲಾರಿ ಡ್ರೈವರ್ ಒಬ್ಬರಿಗೆ, ಕ್ಯಾಬಿನ್ನಿನಲ್ಲಿ ಹಾಕಿಕೊಳ್ಳಿ ಅಂತ ಕೊಟ್ಟುಬಿಟ್ಟೆ.

ಅಷ್ಟು ಖುಷಿಯಿಂದ ರೇಡಿಯೋವನ್ನು ನಾನೇ ಹೊತ್ತುಕೊಂಡು ಹೋಗಿದ್ದೆ. ಅಲ್ಲಿ ಆ ಪ್ರಶ್ನೆ... "ಇನ್ನಾ ಹಚ್ಚಿಲ್ಲೇನ್ ತಮ್ಮಾ?"

ಗಂಗಮ್ಮ ನನ್ನನ್ನು ಬಾಗಿಲಾಚೆ ಕರೆದು ಹೇಳಿದರು.

"ಅದಿರು ಪುಡಿ ಮಾಡೋ ಕ್ರಷರ್‌ನ್ಯಾಗ ದುಡಿದು ದುಡಿದು ಕಿವಿ ಹೋಗ್ಯಾವ್ರಿ. ಪೆಟ್ಟಿಗಿ ನಡುಗ್ಲಿ ಅಂತ ಅವರೇ ಆ ದೊಡ್ಡ ಸ್ಪೀಕರ್ ಹಾಕಿದ್ರು. ಮಾತಿಗೊಂದು ನಡುಕ, ಹಾಡಿಗೊಂದು ನಡುಕ ಅಂತಾರ. ಕೈಲೇ ಕೇಳ್ತಿದ್ರು."

ಗಂಗಮ್ಮ ಅಂಗಡಿಗೆ ಬಂದ ದಿನವೇ ಇದನ್ನು ಕೇಳಿ ತಿಳಿದುಕೊಳ್ಳಬಹುದಿತ್ತು. ನಾನು ಕೇಳಲಿಲ್ಲ. ನನಗೆ ರೇಡಿಯೋ ಕಂಡಿತ್ತು, ಮನುಷ್ಯ ಕಂಡಿರಲಿಲ್ಲ.

ಆ ಲಾರಿಯ ನಂಬರ್ ಗೊತ್ತಿಲ್ಲ, ಡ್ರೈವರ್ ಹೆಸರೂ ಗೊತ್ತಿಲ್ಲ. ಟಿ.ಬಿ. ಡ್ಯಾಂ ತಿರುವಿನಲ್ಲಿ ಎಷ್ಟೋ ದಿನ ನಿಂತು ಲಾರಿಗಳಿಗೆ ಕೈಮಾಡಿ ಕೇಳಿದೆ. ಹುಚ್ಚ ಅಂದುಕೊಂಡು ಹೋದರು.

ಕೊನೆಗೆ ಕಂಪ್ಲಿಯಲ್ಲಿ ಅಂಥದ್ದೇ ಒಂದು ದೊಡ್ಡ ಸ್ಪೀಕರ್ ಸಿಕ್ಕಿತು. ತೆಗೆದುಕೊಂಡು ಮತ್ತೆ ಯಶವಂತನಗರಕ್ಕೆ ಹೋದೆ. ಅವರ ಮನೆಯಲ್ಲೇ ಕೂತು, ಉಣ್ಣೆ ಪಟ್ಟಿ ಕಿತ್ತೆಸೆದು, ಮರಕ್ಕೆ ಬಿಗಿದೆ. ಸ್ವಿಚ್ ಹಾಕುವಷ್ಟರಲ್ಲಿ ಕರೆಂಟ್ ಹೋಯಿತು.

ಹುಲಿಗೆಪ್ಪನವರು ಆಗಲೇ ಕಣ್ಣು ಮುಚ್ಚಿ ಪೆಟ್ಟಿಗೆಯ ಮೇಲೆ ಕೈ ಇಟ್ಟಾಗಿತ್ತು.

ಮುಖ್ಯ ರಸ್ತೆ ಪೂರ್ತಿ ಕಿತ್ತುಹೋಗಿ, ಆ ವಾರದಿಂದ ಅದಿರು ಲಾರಿಗಳನ್ನು ಅವರ ಮನೆ ಮುಂದಿನ ದಾರಿಗೇ ಬಿಟ್ಟಿದ್ದರು. ಒಂದರ ಹಿಂದೆ ಒಂದು ಬರತೊಡಗಿದವು. ನೆಲ ನಡುಗುತ್ತಿದೆ, ಗೂಡಿನಲ್ಲಿಟ್ಟ ಲೋಟ ನಡುಗುತ್ತಿದೆ, ರೇಡಿಯೋನೂ ನಡುಗುತ್ತಿದೆ.

ಅವರ ಮುಖ ಅರಳಿತು. "ಬಂತ್ ನೋಡು," ಅಂದರು.

ಗಂಗಮ್ಮ ನನ್ನ ಕಡೆ ನೋಡಿದರು. ನಾನು ಅವರ ಕಡೆ ನೋಡಿದೆ.

ಲಾರಿಗಳು ಮುಗಿಯುವ ತನಕ ಅವರು ತಲೆದೂಗುತ್ತ ಕೂತಿದ್ದರು. ಆಮೇಲೆ ಕೈ ತೆಗೆದು, "ಸಾಕು, ಆರ್ಸು" ಅಂದರು. ಗಂಗಮ್ಮ ಎದ್ದು, ಹತ್ತದೇ ಇದ್ದ ರೇಡಿಯೋದ ನಾಬ್ ತಿರುಗಿಸಿ ಆರಿಸಿದರು.

ಕರೆಂಟ್ ಬಂದ ಮೇಲೆ ನಾನೊಬ್ಬನೇ ಹಚ್ಚಿ ನೋಡಿದೆ. ಪೆಟ್ಟಿಗೆ ನಡುಗುತ್ತದೆ, ಆದರೆ ತೀರಾ ಮೆಲ್ಲಗೆ. ಆ ಹಳೇ ಸ್ಪೀಕರಿನ ಗತ್ತು ಇದಕ್ಕಿಲ್ಲ. ಇನ್ನೊಂದು ಹುಡುಕುತ್ತೇನೆ ಅಂದೆ.

"ಬ್ಯಾಡ ಬಿಡ್ರಿ ಅಣ್ಣಾರ," ಅಂದರು ಗಂಗಮ್ಮ. "ದಿನಾ ಲಾರಿ ಬರ್ತಾವಲ್ಲ."

ಆಮೇಲೆ ಗಣಿಗಳು ನಿಂತವು, ಲಾರಿಗಳೂ ನಿಂತವು. ಧೂಳು ಕಡಿಮೆಯಾಯಿತು ಅಂತ ಎಲ್ಲರ ಹಾಗೆ ನಾನೂ ನೆಮ್ಮದಿಯ ಉಸಿರು ಬಿಟ್ಟಿದ್ದೆ.

ಹೋದ ತಿಂಗಳು ಸಂಡೂರು ಬಸ್‌ಸ್ಟ್ಯಾಂಡಿನಲ್ಲಿ ಗಂಗಮ್ಮ ಸಿಕ್ಕರು. ತಲೆ ಪೂರಾ ಬೆಳ್ಳಗಾಗಿದೆ. ಹುಲಿಗೆಪ್ಪನವರು ಹೇಗಿದ್ದಾರೆ ಅಂತ ಕೇಳಿದೆ.

"ಅದಾರ್ರಿ. ಲಾರಿ ನಿಂತಾಗಿನಿಂದ ರೇಡಿಯೋ ಕೆಟ್ಟೈತಿ ಅಂತಾರ. ಹೊಸಪ್ಯಾಟಿ ತಮ್ಮನ್ನ ಕರೀ, ಅವಗ ಇದರ ರೋಗ ಗೊತ್ತೈತಿ ಅಂತಾರ."

ಇಷ್ಟು ವರ್ಷವಾದರೂ ನನ್ನ ಮೇಲೆ ಆ ನಂಬಿಕೆ... ಅದೇ ತಡೆಯಲಾಗುತ್ತಿಲ್ಲ.

ಅದಕ್ಕೇ ಕೇಳುತ್ತಿದ್ದೇನೆ. ನಿಮ್ಮ ಮನೆಯ ಅಟ್ಟದಲ್ಲೋ, ಯಾವುದಾದರೂ ಹಳೇ ಲಾರಿಯ ಕ್ಯಾಬಿನ್ನಿನಲ್ಲೋ, ಬೆನ್ನಿಗೆ ಹಳದಿ ಪೇಂಟಿನಲ್ಲಿ "ಹುಲಿಗೆಪ್ಪ, ಎ ಶಿಫ್ಟ್" ಅಂತ ಬರೆದ ದೊಡ್ಡ ಸ್ಪೀಕರ್ ಯಾರಾದರೂ ನೋಡಿದ್ದೀರಾ?