ಎಡಬಾಗಿಲಿನ ಮೆತ್ತೆ

ಸಭೆಗಳಲ್ಲಿ ನನ್ನ ಕುರ್ಚಿಗೂ ಪಕ್ಕದವನ ಕುರ್ಚಿಗೂ ನಡುವೆ ಕೈ ಊರಲು ಒಂದೇ ಹಿಡಿ ಇದ್ದರೆ, ನಾನು ಮೊದಲೇ ಹೋಗಿ ಅದರ ಮೇಲೆ ಮೊಣಕೈ ಇಟ್ಟುಬಿಡುತ್ತೇನೆ. ಉಳಿದ ವಿಷಯಗಳಲ್ಲಿ ತಕ್ಕಮಟ್ಟಿಗೆ ಸಜ್ಜನನಾದ ನಾನು ಈ ಒಂದು ವಿಷಯದಲ್ಲಿ ಅಲ್ಲ. ಮೊಣಕೈಗೆ ಜಾಗವಿದ್ದರೆ ಎಂಥ ಭಾಷಣವನ್ನೂ ಕೇಳಬಹುದು. ಜಾಗವಿಲ್ಲದಿದ್ದರೆ ಒಳ್ಳೆಯ ಮಾತೂ ಕಿವಿಗೆ ಇಳಿಯುವುದಿಲ್ಲ. ಮಣಿಪಾಲದಲ್ಲಿ ವರ್ಷಗಟ್ಟಲೆ ಗಣಿತ ಹೇಳಿಕೊಟ್ಟು ನಿವೃತ್ತನಾದ ನನಗೆ, ಸಾಧನೆ ಬರೆಯದೆಯೂ ನಿಜವೆಂದು ಒಪ್ಪಬಹುದಾದ ಪ್ರಮೇಯ ಇದೊಂದೇ.

ಈ ಸುಖವನ್ನು ಹೊಟ್ಟೆ ತುಂಬ ಉಂಡವರು ನನ್ನ ಸೋದರಮಾವ. ಅವರು ಕಾರ್ಕಳ, ಹೆಬ್ರಿ ಕಡೆಯ ಹಳ್ಳಿಗಳಲ್ಲಿ ದನದ ಡಾಕ್ಟರಾಗಿದ್ದರು. ಅವರಲ್ಲೊಂದು ತಲೆಯ ಮೇಲೆ ಮಾಡಿಲ್ಲದ, ತೆರೆದ ಛಾವಣಿಯ ಹಳೆಯ ಕಾರಿತ್ತು. ಮಾಡಿಲ್ಲ ಎಂದರೆ ಪೂರ್ತಿ ಇಲ್ಲವೆಂದಲ್ಲ, ಮಳೆ ಬಂದರೆ ಎಳೆದುಕೊಳ್ಳಲು ಕ್ಯಾನ್ವಾಸಿನದೊಂದು ಇತ್ತು. ಎಳೆಯುವಷ್ಟರಲ್ಲಿ ಮಳೆ ನಿಂತಿರುತ್ತಿತ್ತು. ಎಡಗೈ ಸ್ಟೇರಿಂಗಿನಲ್ಲಿ, ಬಲ ಮೊಣಕೈ ಬಾಗಿಲ ಮೇಲೆ: ಮಾವನನ್ನು ನೆನೆದರೆ ನನಗೆ ಮೊದಲು ಕಾಣುವುದು ಆ ಮೊಣಕೈಯೇ. ಅದು ಊರಿ ಊರಿ ಬಾಗಿಲಿನ ಹಸಿರು ಬಣ್ಣ ಅಂಗೈಯಗಲ ಸವೆದು, ಒಳಗಿನ ತಗಡು ಹೊಳೆಯುತ್ತಿತ್ತು.

ಮಾವನ ಸೊತ್ತು ಸೋದರಳಿಯನಿಗೆ ಎಂಬುದು ನಮ್ಮ ಮನೆತನಗಳ ಹಳೆಯ ಕಟ್ಟಳೆ. ಈ ಕಾಲದಲ್ಲಿ ಅದರಿಂದ ನನಗೆ ದಕ್ಕಿದ್ದು ಈ ಕಾರೊಂದೇ, ಅದೂ ಮಾವನ ಮಗಳಿಗೆ ಸ್ಕೂಟರ್ ನಿಲ್ಲಿಸಲು ಜಾಗ ಬೇಕಾದದ್ದರಿಂದ. ಮಾವ ತೀರಿಕೊಂಡ ಮೇಲೆ ಅವರ ಹೆಂಡತಿ ಲೀಲತ್ತೆ ಅಲೆವೂರಿನಲ್ಲಿ ಆ ಮಗಳ ಜೊತೆಗಿದ್ದಾರೆ. ಎಂಬತ್ತು ದಾಟಿದೆ, ಬಾಯಿ ಮಾತ್ರ ಚುರುಕು.

ಎಂಜಿನ್ ರಿಪೇರಿ ಮಾಡಿಸಿದ ದಿನದಿಂದ ನನಗಿದ್ದದ್ದು ಒಂದೇ ಆಸೆ, ಅತ್ತೆಯನ್ನು ಅದೇ ಕಾರಿನಲ್ಲಿ ಕಾಪು ಕಡಲತೀರಕ್ಕೆ ಕರೆದೊಯ್ಯಬೇಕು. ಹಿಂದೆ ಭಾನುವಾರಗಳಲ್ಲಿ ಇಬ್ಬರೂ ಅಲ್ಲಿಗೆ ಹೋಗಿ ಬರುತ್ತಿದ್ದರು. ಮಾವ ಹೋದ ಮೇಲೆ ಅತ್ತೆ ಅದರಲ್ಲಿ ಕಾಲಿಟ್ಟಿರಲಿಲ್ಲ. ಅವರ ಮಂಡಿ ವರ್ಷದಿಂದ ವರ್ಷಕ್ಕೆ ಬಿಗಿಯುತ್ತಿತ್ತು. ಇನ್ನೂ ತಡವಾದರೆ ಹತ್ತಿಸುವುದೇ ಆಗಲಿಕ್ಕಿಲ್ಲ ಎಂದು ನನಗೆ ಹೆದರಿಕೆ. ಅವರು ಕೂರದ ಹೊರತು ಕಾರು ನನ್ನದೆನಿಸುತ್ತಲೂ ಇರಲಿಲ್ಲ. ಕರೆದಾಗಲೆಲ್ಲ ಅವರದು ಒಂದೇ ಉತ್ತರ.

“ಆ ಬಾಗಿಲಿನ ತಗಡು ಸುಡ್ತದೆ ಮಾರಾಯ. ಕೈ ಇಡ್ಲಿಕ್ಕೆ ಆಗುದಿಲ್ಲ. ನೀನೇ ಹೋಗಿ ಬಾ.”

ಓದಿದವರಿಗೆ ಒಂದು ರೋಗವಿದೆ, ಯಾರಾದರೂ ನೇರವಾಗಿ ಹೇಳಿದ್ದನ್ನು ನಂಬಲಾಗುವುದಿಲ್ಲ. ತಗಡು ಸುಡುವುದು ಬರೀ ನೆಪ, ಆ ಸವೆದ ಜಾಗವನ್ನು ನೋಡಲು ಅತ್ತೆಯ ಕರುಳು ಒಪ್ಪುತ್ತಿಲ್ಲ ಎಂದು ನಾನು ತೀರ್ಮಾನಿಸಿದೆ. ಎರಡೂ ಬಾಗಿಲುಗಳ ಮೇಲೆ ಮೆತ್ತನೆಯ ಕವರು ಹಾಕಿಸಿದರೆ ನೆಪವೂ ಹೋಯಿತು, ಗುರುತೂ ಮುಚ್ಚಿತು. ನನ್ನ ಬುದ್ಧಿಗೆ ನಾನೇ ತಲೆದೂಗಿದೆ.

ಕಾರ್ಕಳದಲ್ಲಿ ಸಂಜೀವ ಎಂಬವರದೊಂದು ಕುಶನ್ ಅಂಗಡಿ ಉಂಟು, ಬಸ್ಸಿನ ಸೀಟಿನಿಂದ ಹಿಡಿದು ಮದುಮಗಳ ಸೋಫಾದವರೆಗೆ ಹೊಲಿಯುತ್ತಾರೆ. ಬಾಗಿಲಿಗೆ ಟಿಚ್ ಬಟನ್ ಕೂರಿಸಲು ಅವರು ಡ್ರಿಲ್ ಎತ್ತಿಕೊಂಡಾಗ ನಾನು ಬಾಗಿಲಿಗೆ ಅಡ್ಡ ನಿಂತೆ.

“ತೂತು ಬೇಡ ಮಾರಾಯ್ರೇ. ತೆಗೆದು ಹಾಕುವ ಹಾಗೆ ಮಾಡಿ.”

“ಹಾಗಾದ್ರೆ ವೆಲ್ಕ್ರೋ ಹಾಕುವ. ಎರಡೂ ಬದಿಗೆ ಅಲ್ವಾ? ಒಂದೇ ಬದಿಗೆ ಹಾಕಿದ್ರೆ ಒಂದೇ ಕಿವಿಗೆ ಬೆಂಡೋಲೆ ಹಾಕಿದ ಹಾಗೆ ಕಾಣ್ತದೆ ಸರ್.”

ಅವರು ಫೋಮು ಕತ್ತರಿಸಿ ಕಂದು ರೆಕ್ಸಿನ್ ಹೊಲಿಯುವಷ್ಟು ಹೊತ್ತು ನಾನು ಗೊಮ್ಮಟನ ಬೆಟ್ಟ ಹತ್ತಿ ಕುಳಿತೆ. ಎಷ್ಟೋ ಸಲ ನೋಡಿದ ಮೂರ್ತಿ, ಆದರೆ ಅಂದು ನನ್ನ ಕಣ್ಣು ಹೋದದ್ದು ಅವನ ಕೈಗಳ ಮೇಲೆ. ರಾಜ್ಯ ಬಿಟ್ಟ, ಬಟ್ಟೆ ಬಿಟ್ಟ ಎನ್ನುತ್ತೇವೆ. ಕೈ ಊರುವ ಜಾಗವನ್ನೂ ಬಿಟ್ಟವನು ಅವನು. ಎರಡೂ ಕೈಗಳು ಯಾವ ಆಸರೆಯೂ ಇಲ್ಲದೆ ಇಳಿಬಿದ್ದಿವೆ, ಆಧಾರ ಬೇಕಾದ ಬಳ್ಳಿ ಅವನ ತೋಳನ್ನೇ ಹಿಡಿದು ಹತ್ತಿದೆ. ನಮ್ಮ ಯಕ್ಷಗಾನದ ಚಕ್ರವರ್ತಿಗಳ ಸ್ಥಿತಿಯೂ ಹೆಚ್ಚು ಬೇರೆಯಲ್ಲ. ಭೂಮಂಡಲವನ್ನೇ ಆಳುವವನಿಗೆ ಸಿಂಹಾಸನವೆಂದು ಸಿಕ್ಕುವುದು ಹಿಡಿಯಿಲ್ಲದ ಒಂದು ಮರದ ಪೀಠ. ಬಹುಶಃ ಅದಕ್ಕೇ ಕೌರವನಿಗೆ ಅಷ್ಟು ಸಿಟ್ಟು. ಹೀಗೆಲ್ಲ ಯೋಚಿಸಿ ಇಳಿದು ಬರುವಷ್ಟರಲ್ಲಿ ಕವರು ಸಿದ್ಧವಾಗಿತ್ತು. ಹಾಕಿ ನೋಡಿದೆವು. ಮಾವನ ಗುರುತು ಮಾಯವಾಗಿತ್ತು, ಕಾರು ಹೊಸ ಅಳಿಯನಂತೆ ಠೀವಿಯಿಂದ ನಿಂತಿತ್ತು.

ಮರುದಿನ ಬೆಳಿಗ್ಗೆ ಅಲೆವೂರಿಗೆ ಒಯ್ದೆ. ಅತ್ತೆ ಕೋಲೂರಿಕೊಂಡು ಬಂದು ಎಡಬಾಗಿಲಿನ ಮೆತ್ತೆಯನ್ನು ಒತ್ತಿ ನೋಡಿದರು, ತಲೆಯಾಡಿಸಿದರು. ಆಮೇಲೆ ನಿಧಾನವಾಗಿ ಕಾರನ್ನು ಸುತ್ತಿ ನನ್ನ ಬದಿಗೆ ಬಂದರು. ಚರ್‍ರೆಂದು ವೆಲ್ಕ್ರೋ ಕಿತ್ತು ಕವರನ್ನು ನನ್ನ ಕೈಗೆ ಕೊಟ್ಟರು.

“ಇದು ಬೇಡ. ಇಲ್ಲಿ ಅವರ ಕೈ ಉಂಟು.”

ಎಲ್ಲ ಕೆಟ್ಟಿತು, ಇನ್ನು ಬರುವುದಿಲ್ಲ ಎಂದುಕೊಂಡೆ.

“ನನ್ನ ಬದಿಯದ್ದು ಇರಲಿ. ನಿಂತಿದ್ದೀಯಲ್ಲ, ಬಾಗಿಲು ತೆಗಿ,” ಎಂದರು.

ಕವರನ್ನು ಹಿಂದಿನ ಸೀಟಿಗೆ ಎಸೆದು ಹೊರಟೆ. ಕಟಪಾಡಿಯವರೆಗೆ ಅತ್ತೆ ಎರಡೂ ಕೈಗಳನ್ನು ಮಡಿಲಲ್ಲೇ ಇಟ್ಟುಕೊಂಡಿದ್ದರು. ಮೆತ್ತೆ ಪಕ್ಕದಲ್ಲಿ ಸುಮ್ಮನೆ ಇತ್ತು.

“ಕೈ ಇಡಿ ಅತ್ತೆ, ಈಗ ಸುಡುವುದಿಲ್ಲ.”

“ಅಭ್ಯಾಸ ಇಲ್ಲ ಮಾರಾಯ. ಒಂದು ಸಲ ಇಟ್ಟು ಸುಟ್ಟುಕೊಂಡದ್ದೇ, ಮತ್ತೆ ಇಡ್ಲಿಲ್ಲ. ಆಗ ಹೆಂಗಸು ಮೊಣಕೈ ಹೊರಗಿಟ್ರೆ ಲಾರಿ ಡ್ರೈವರ್ ಹಾಗೆ ಅಂತ ನಗ್ತಿದ್ರು. ಇಡುವ ಅಂದ್ರೂ ಕೈ ಎಲ್ಲಿ ಖಾಲಿ ಇತ್ತು? ಯಾರದ್ದಾದ್ರೂ ಎಮ್ಮೆ ಗುಣ ಆದ್ರೆ ಇವರಿಗೊಂದು ಸೌತೆಕಾಯಿ, ಒಂದು ಹಲಸಿನಹಣ್ಣು. ಎಲ್ಲ ನನ್ನ ಮಡಿಲಿಗೆ. ಒಂದು ಸಲ ಕೋಳಿ! ಇವರ ಕಾರಿನ ಡಿಕ್ಕಿ ನಾನೇ.”

ಆಗ ನನಗೆ ಹೊಳೆಯಿತು. ಎಡಬಾಗಿಲಿನ ಮೇಲೆ ಎಲ್ಲಿಯೂ ಬಣ್ಣ ಸವೆದಿರಲಿಲ್ಲ. ಅಷ್ಟು ವರ್ಷ ಪಕ್ಕದಲ್ಲಿ ಕುಳಿತವರ ಗುರುತು ಆ ಕಾರಿನಲ್ಲಿ ಒಂದಿಷ್ಟೂ ಇರಲಿಲ್ಲ. ನಾನು ಬಲಬಾಗಿಲನ್ನೇ ನೋಡುತ್ತ ಅವರ ಮನಸ್ಸನ್ನು ಓದಲು ಹೊರಟಿದ್ದೆ.

ಹೆದ್ದಾರಿಗೆ ಇಳಿದ ಮೇಲೆ ಕಡಲ ಗಾಳಿ ಬೀಸತೊಡಗಿತು. ಅತ್ತೆ ಹಿಂದೆ ಮುಂದೆ ನೋಡಿ, ಕದ್ದು ತಿನ್ನುವವರ ಹಾಗೆ, ಎಡ ಮೊಣಕೈಯನ್ನು ಮೆತ್ತೆಯ ಮೇಲಿಟ್ಟರು. ಸ್ವಲ್ಪ ಹೊತ್ತಿಗೆ ಭುಜ ಇಳಿಯಿತು, ಬೆನ್ನು ಸೀಟಿಗೆ ಒರಗಿತು. ಕಾಪುವಿನ ದೀಪಸ್ತಂಭ ಕಾಣತೊಡಗಿತು.

“ಇಷ್ಟು ಸುಖ ಉಂಟು ಅಂತ ಅವರು ಒಂದು ದಿನ ಆದ್ರೂ ಹೇಳಿದ್ರಾ ನೋಡು!” ಎಂದರು. ಅದರಲ್ಲಿ ನಿಜವಾದ ಸಿಟ್ಟಿತ್ತು. ಕಣ್ಣಲ್ಲಿ ನೀರೂ ಇತ್ತು, ಅದು ಗಾಳಿಯಿಂದ ಎಂದು ಅವರೇ ಹೇಳಿದರು.

ಕಡಲು ನೋಡಿ, ಎಳನೀರು ಕುಡಿದು ಹಿಂದಿರುಗುವಾಗ ಬಿಸಿಲು ನನ್ನ ಬದಿಗೆ ಬಂದಿತ್ತು. ಯೋಚಿಸದೆ ಮೊಣಕೈಯನ್ನು ಬರಿ ತಗಡಿನ ಮೇಲೆ ಊರಿದವನು ಅಯ್ಯಯ್ಯೋ ಎಂದು ಎಳೆದುಕೊಂಡೆ.

“ಎಂತಾಯ್ತು?”

“ತಗಡು ಸುಡ್ತದೆ ಅತ್ತೆ!”

“ಮತ್ತೆ? ನಾನು ಇಷ್ಟು ದಿನ ಎಂತ ಹೇಳಿದ್ದು ನಿನಗೆ?” ಎಂದು ನಕ್ಕವರು ಥಟ್ಟನೆ ನಿಲ್ಲಿಸಿದರು. “ಹಾಗಾದ್ರೆ ಅವರಿಗೂ ಸುಡ್ತಿತ್ತು, ಅಲ್ವಾ?”

ಸುಡದೆ ಇರುತ್ತದೆಯೇ. ಕಾರ್ಕಳದ ಬಂಡೆಗಲ್ಲುಗಳ ನಡುವೆ, ಮಟಮಟ ಮಧ್ಯಾಹ್ನಗಳಲ್ಲಿ, ಅದೇ ತಗಡಿನ ಮೇಲೆ. ಮಾವ ಅದನ್ನೂ ಹೇಳಿರಲಿಲ್ಲ. ಅತ್ತೆ ಆ ಹೊಳೆಯುವ ಜಾಗವನ್ನು ಬಹಳ ಹೊತ್ತು ನೋಡಿದರು. ನಾನು ಹಿಂದಿನ ಸೀಟಿನತ್ತ ಕೈ ಚಾಚಿ, “ಆ ಕವರು ಹಾಕಿಕೊಳ್ಳಲಾ ಅತ್ತೆ?” ಎಂದೆ.

“ಬೇಡ. ನೀನು ಕೈ ಒಳಗಿಟ್ಟು ಓಡಿಸು.”

ಹೊಸದಾಗಿ ಡ್ರೈವಿಂಗ್ ಕಲಿಯುವವನ ಹಾಗೆ ಎರಡೂ ಕೈಗಳಿಂದ ಸ್ಟೇರಿಂಗ್ ಹಿಡಿದು ಅಲೆವೂರಿನವರೆಗೆ ಓಡಿಸಿದೆ. ಪಕ್ಕದಲ್ಲಿ ಲೀಲತ್ತೆ, ಮಡಿಲು ಖಾಲಿ ಬಿಟ್ಟು, ಮೊಣಕೈ ಪೂರ್ತಿ ಹೊರಗೆ ಚಾಚಿ, ಹಿಂದಿನಿಂದ ಬರುವ ಲಾರಿಗಳಿಗೆ ಮುಂದೆ ಹೋಗಿ ಎಂದು ಕೈಬೀಸುತ್ತ ಕುಳಿತಿದ್ದರು.