ಸಿಯೋಕ್ ಹುನ್ ಅಕ್ಕನ ಒಂದೇ ಪ್ರಶ್ನೆ

ನಮ್ಮ ಕೆಳಗಿನ ಮನೆಯ ಸಿಯೋಕ್ ಹುನ್ ಅಕ್ಕನಿಗೆ ನಲವತ್ತಾರು ವರ್ಷ. ಇಲ್ಲೇ ತೈನಾನ್ ನಗರದ ಅಂಚೆ ಕಚೇರಿಯಲ್ಲಿ ಕೆಲಸ. ಅದರ ಜೊತೆಗೆ ವಿಶ್ವವಿದ್ಯಾಲಯದಲ್ಲಿ ಧರ್ಮಗಳ ಅಧ್ಯಯನದ ಎಂ.ಎ. ಪಾಠಗಳೆಲ್ಲ ಮುಗಿದು ಸಂಶೋಧನಾ ಪ್ರಬಂಧವೊಂದೇ ಉಳಿದಿದೆ. ಅದರ ಯೋಜನೆ ಬರೆದುಕೊಡುವ ದಿನವನ್ನು ಎರಡು ಸಲ ಮುಂದೂಡಿಸಿಕೊಂಡಳು. ಈ ಶುಕ್ರವಾರವೂ ಕೊಡದಿದ್ದರೆ ಹೆಸರು ತೆಗೆದುಹಾಕುತ್ತಾರೆ.

ಬರೆಯಬೇಕೆಂದಿರುವುದು ನಮ್ಮ ಓಣಿಯ ಮಾತ್ಸು ದೇವಿಯ ಗುಡಿಯ ಬಗ್ಗೆ. ಗುಡಿಯ ಹಿರಿಯ ತಿಯೆನ್ ತೆಕ್ ತಾತನ ಒಪ್ಪಿಗೆ ಕೇಳಿದರೆ, "ನನ್ನನ್ನೇನು ಕೇಳ್ತೀಯಮ್ಮ? ದೇವಿಯನ್ನೇ ಕೇಳು. ಮೂರು ಸಲ ಬಿಡದೆ ಹೂಂ ಅಂದ್ರೆ ನನ್ನದೇನೂ ತಕರಾರಿಲ್ಲ" ಎಂದ.

ಬುಧವಾರ ಬೆಳಗ್ಗೆ ಅಕ್ಕ ರಜೆ ಹಾಕಿದಳು. ಮಗಳನ್ನು ಬೆನ್ನಿಗೆ ಕಟ್ಟಿಕೊಂಡು ನಾನೂ ಹೋದೆ. ಅಕ್ಕ ಮಂಡಿಯೂರಿ, "ಪ್ರಬಂಧಕ್ಕೆ ಹರಕೆಯ ಹಳೇ ಪುಸ್ತಕ ನೋಡ್ಲಾ, ಅಡುಗೆಮನೆ ಹೆಂಗಸರನ್ನ ಮಾತಾಡಿಸ್ಲಾ ತಾಯಿ?" ಎಂದು ಅರ್ಧಚಂದ್ರದಂಥ, ಒಂದು ಮಗ್ಗುಲು ಚಪ್ಪಟೆಯಾದ ಎರಡು ಮರದ ತುಂಡುಗಳನ್ನು ನೆಲಕ್ಕೆ ಹಾಕಿದಳು. ಒಂದು ಅಂಗಾತ, ಒಂದು ಬೋರಲು ಬಿದ್ದರೆ ಹೂಂ. ಬಿದ್ದದ್ದು ಎರಡೂ ಅಂಗಾತ. ಹಾಗೆಂದರೆ ದೇವಿ ನಗುತ್ತಿದ್ದಾಳೆ. ಇನ್ನೊಂದು ಸಲವೂ ನಗು. ಮತ್ತೊಂದು ಸಲವೂ ನಗು. ಅಕ್ಕನ ಕಿವಿ ಕೆಂಪಾಯಿತು.

"ನಗದೆ ಇನ್ನೇನು ಮಾಡ್ತಾಳೆ?" ಅಡುಗೆಮನೆ ಬಾಗಿಲಿನಿಂದ ಕಿಮ್ ಲಿಯೆನ್ ಅಜ್ಜಿ ಕೂಗಿದಳು. ಗುಡಿಯ ಊಟದ ಉಸ್ತುವಾರಿ ಅವಳದೇ. "ಒಂದೇ ಉಸಿರಲ್ಲಿ ಎರಡೆರಡು ಕೇಳ್ತೀಯಲ್ಲೇ! ಯಾವುದಕ್ಕೆ ಅಂತ ಹೂಂ ಅನ್ಬೇಕು ಅವಳು? ಇಷ್ಟು ಓದಿ ಕೇಳೋದಕ್ಕೂ ಬರಲ್ವಾ?"

ಅಕ್ಕ ನನ್ನತ್ತ ತಿರುಗಿದಳು. "ಪ್ರೊಫೆಸರ್ ಕೂಡ ಇದನ್ನೇ ಬರೆದಿದ್ರು ಕಣೆ, ನನ್ನ ಕರಡಿನ ಮೇಲೆ ಕೆಂಪು ಶಾಯೀಲಿ. ಇಲ್ಲಿ ಎರಡು ಪ್ರಬಂಧ ಇದೆ, ನಿಮ್ಮದು ಯಾವುದು ಅಂತ. ಕೋಪ ಬಂದು ಆ ಹಾಳೇನೇ ಮುಚ್ಚಿಟ್ಟಿದ್ದೆ."

"ಯಾವುದು ನಿಂದು ಮತ್ತೆ?" ಎಂದೆ.

ಅವಳು ಹೋಗಿ ಮೆಟ್ಟಿಲ ಮೇಲೆ ಕೂತಳು. ಪುಸ್ತಕದಲ್ಲಿ ಹರಕೆ ಹೊತ್ತವರ ನೂರು ವರ್ಷದ ಹೆಸರುಗಳಿವೆ, ಅದನ್ನು ಬಿಡುವುದೆಂದರೆ ಸಣ್ಣ ಮಾತಲ್ಲ. ಒಳಗೆ ಅಜ್ಜಿಯರು ಮೂಲಂಗಿ ಹೆಚ್ಚುತ್ತ ಯಾರದೋ ಸೊಸೆಯನ್ನು ಆಡಿಕೊಂಡು ನಗುತ್ತಿದ್ದರು.

"ಪುಸ್ತಕ ಎಲ್ಲಿಗೂ ಹೋಗಲ್ಲ," ಎಂದಳು ಅಕ್ಕ. "ಕಿಮ್ ಲಿಯೆನ್ ಅಜ್ಜಿಗೆ ಎಂಬತ್ತೆರಡು."

ಎದ್ದು ಹೋಗಿ ಮಂಡಿಯೂರಿದಳು. ಅಡುಗೆಮನೆಯದನ್ನು ಮಾತ್ರ ಕೇಳಿದಳು. ಹೂಂ. ಹೂಂ. ಮೂರನೆಯ ಸಲ ಒಂದು ತುಂಡು ಅಂಗಾತ ಬಿತ್ತು, ಇನ್ನೊಂದು ತುದಿಯ ಮೇಲೆ ಗಿರ್ರನೆ ಸುತ್ತುತ್ತಲೇ ಇತ್ತು. ನಾನು ಮಗಳ ಕಾಲನ್ನು ಎಷ್ಟು ಗಟ್ಟಿಯಾಗಿ ಹಿಡಿದಿದ್ದೆನೆಂದರೆ ಅವಳು ಚೀರಿದಳು. ಕೊನೆಗೆ ಅದು ಬೋರಲು ಬಿತ್ತು. ಹೂಂ.

ತಿಯೆನ್ ತೆಕ್ ತಾತ ಒಪ್ಪಿಗೆ ಪತ್ರಕ್ಕೆ ಮುದ್ರೆ ಒತ್ತಿದ. ಅಕ್ಕ ನೋಟುಪುಸ್ತಕ ತೆರೆದು ಅಡುಗೆಮನೆಯಲ್ಲಿ ಕೂತದ್ದೇ ತಡ, ಅಜ್ಜಿ ಅವಳ ಮುಂದೆ ಚಾಕು, ಒಂದು ಬುಟ್ಟಿ ಮೂಲಂಗಿ ಇಟ್ಟಳು.

"ಬರ್ಕೊಳ್ಳೋದು ಆಮೇಲೆ. ಮೊದಲು ಸಿಪ್ಪೆ ತೆಗಿ. ಕೈ ಆಡ್ತಾ ಇದ್ರೇನೇ ನಮಗೆ ಬಾಯಿ ಬರೋದು."

ಅಕ್ಕ ಅಂಗಿಯ ತೋಳನ್ನು ಮೇಲಕ್ಕೆ ಮಡಚಿದಳು. "ಸರಿ ಅಜ್ಜಿ. ನೀವು ಇಲ್ಲಿಗೆ ಮೊದಲ ಸಲ ಬಂದಿದ್ದು ಯಾವಾಗ?"